ಸಂಕದಡಿಯ ಕಾಳಾಂಜಿ: ಗಾಳಕ್ಕೆ ಬಿದ್ದ ದೊಡ್ಡದೆಲ್ಲ ಹೆಣ್ಣೇ!

ಕಾಸರಗೋಡು: ಸಂಜೆಯ ಬಸ್ಸುಗಳ ಗದ್ದಲ ಸ್ವಲ್ಪ ತಗ್ಗಿದ ಮೇಲೆ ಚಂದ್ರಗಿರಿ ಸಂಕದ ಬುಡದಲ್ಲಿ ಕಿವಿಗೊಟ್ಟು ನಿಂತರೆ ಕೆಲವೊಮ್ಮೆ ಒಂದು ಸದ್ದು ಕೇಳುವುದುಂಟು. ತೆಂಗಿನಕಾಯಿಯೊಂದು ಮೇಲಿನಿಂದ ನೀರಿಗೆ ಬಿದ್ದಂತೆ ‘ಠಬ್’ ಎಂಬ ಗಟ್ಟಿ ಸದ್ದು. ಹೊಸಬರಾದರೆ ಯಾರೋ ಕಲ್ಲೆಸೆದರು ಎಂದುಕೊಂಡು ಮುಂದೆ ಹೋಗುತ್ತಾರೆ. ಗಾಳ ಹಿಡಿದು ಕೂತವರು ಮಾತ್ರ ಮಾತು ನಿಲ್ಲಿಸಿ ಕಂಬದ ನೆರಳಿನತ್ತ ನೋಡುತ್ತಾರೆ. ಅದು ಕಾಳಾಂಜಿ ಬಾಯಿ ತೆರೆದ ಸದ್ದು.

ಈ ಮೀನು ಬೇಟೆಯನ್ನು ಅಟ್ಟಿಸಿಕೊಂಡು ಹೋಗಿ ಕಚ್ಚುವ ಜಾತಿಯದ್ದಲ್ಲ. ಕಲ್ಲು, ಕಂಬ, ಬೇರು ಯಾವುದಾದರೊಂದರ ಮರೆಯಲ್ಲಿ ಅಲುಗಾಡದೆ ನಿಂತು, ಎದುರಿಗೆ ಬಂದದ್ದನ್ನು ನೀರಿನ ಸಮೇತ ಹೀರಿಕೊಳ್ಳುತ್ತದೆ. ಬಾಯಿ ಮತ್ತು ಕಿವಿರಿನ ಮುಚ್ಚಳ ಒಮ್ಮೆಲೇ ಅಗಲವಾಗುವಾಗ ಆಗುವ ಸದ್ದೇ ಆ ‘ಠಬ್’. ಕಣ್ಣು ಮಿಟುಕಿಸುವುದರೊಳಗೆ ಸಿಗಡಿಯೋ ಸಣ್ಣ ಮೀನೋ ಮಾಯ. ಗಾಳ ಹಾಕುವವನ ಇಡೀ ವಿದ್ಯೆ ಈ ಒಂದು ಗುಣದ ಮೇಲೆ ನಿಂತಿದೆ. ಮೀನನ್ನು ಹುಡುಕಿಕೊಂಡು ಹೋಗುವುದಲ್ಲ, ಅದು ಕಾದು ನಿಂತಿರುವ ಜಾಗದ ಎದುರಿಗೆ ತನ್ನ ಎರೆಯನ್ನು ಹಾಯಿಸುವುದು.

ಉತ್ತರದ ಮಂಜೇಶ್ವರ ಹೊಳೆಯಿಂದ ಉಪ್ಪಳ, ಶಿರಿಯ, ಕುಂಬಳೆ, ಮೊಗ್ರಾಲ್, ಚಂದ್ರಗಿರಿ, ಬೇಕಲ, ಚಿತ್ತಾರಿ, ನೀಲೇಶ್ವರ, ಕಾರ್ಯಂಗೋಡು ಎಂದು ದಕ್ಷಿಣದ ಕವ್ವಾಯಿ ಕಾಯಲಿನವರೆಗೆ ಕಾಸರಗೋಡು ಹೊಳೆಗಳ ಜಿಲ್ಲೆ. ಪ್ರತಿಯೊಂದು ಹೊಳೆಯೂ ಕಡಲು ಸೇರುವ ಮುನ್ನ ಒಂದಷ್ಟು ದೂರ ಉಪ್ಪೂ ಅಲ್ಲದ ಸಿಹಿಯೂ ಅಲ್ಲದ ನೀರಾಗಿ ಹರಿಯುತ್ತದೆ. ಅದೇ ಕಾಳಾಂಜಿಯ ಮನೆ. ಮೊದಲಾದರೆ ಹೊಳೆಬದಿಯ ಕೆಲವೇ ಮಂದಿ ಕೈಗಾಳ ಹಿಡಿದು ಕೂರುತ್ತಿದ್ದರು. ಈಗ ರಜಾದಿನಗಳಲ್ಲಿ ಬೈಕಿನ ಹಿಂದೆ ಉದ್ದದ ಕೋಲು ಕಟ್ಟಿಕೊಂಡ ಯುವಕರು ಸಂಕಗಳ ಬುಡದಲ್ಲಿ, ಬಂದರಿನ ತಡೆಗೋಡೆಗಳ ಮೇಲೆ ಸಾಮಾನ್ಯವಾಗಿ ಕಾಣಸಿಗುತ್ತಾರೆ. ದಾರಿಹೋಕರ ಪ್ರಶ್ನೆಗೂ ಅವರ ಉತ್ತರಕ್ಕೂ ವರ್ಷಗಳಿಂದ ಬದಲಾವಣೆಯಿಲ್ಲ. “ಎಂತ, ಏನಾದ್ರೂ ಸಿಕ್ಕಿತಾ?” “ಇಲ್ಲ ಮಾರಾಯ್ರೆ, ನೀರು ನಿಂತಿದೆ. ಇಳೀಲಿಕ್ಕೆ ಸುರುವಾಗ್ಬೇಕಷ್ಟೆ.”

ಹೆಸರಿನ ಗೊಂದಲ

ಮಲಯಾಳದಲ್ಲಿ ಇದಕ್ಕೆ ಕಾಳಾಂಜಿ ಎಂದೂ ನರಿಮೀನ್ ಎಂದೂ ಹೆಸರು. ಕನ್ನಡಿಗರಿಗೆ ನರಿಯೆಂದ ಕೂಡಲೇ ಊಳಿಡುವ ಪ್ರಾಣಿ ನೆನಪಾದರೆ, ಮಲಬಾರಿನ ಹಳೆಯ ಮಾತಿನಲ್ಲಿ ನರಿಯೆಂದರೆ ಹುಲಿಯೂ ಹೌದು. ಹೊಂಚು ಹಾಕುವುದರಲ್ಲಿ ನರಿ, ಎರಗುವುದರಲ್ಲಿ ಹುಲಿಯಾದ ಈ ಮೀನಿಗೆ ಎರಡು ಅರ್ಥವೂ ಒಪ್ಪುತ್ತದೆ ಬಿಡಿ. ಹೋಟೆಲಿನ ಮೆನುವಿನಲ್ಲಿ ಸೀಬಾಸ್, ಆಸ್ಟ್ರೇಲಿಯಾದಲ್ಲಿ ಬ್ಯಾರಮಂಡಿ. 1790ರಲ್ಲಿ ಜರ್ಮನಿಯ ಬ್ಲಾಕ್ ಎಂಬ ವಿಜ್ಞಾನಿ ಇದನ್ನು ಮೊದಲಿಗೆ ವಿವರಿಸಿದ. ವಿಜ್ಞಾನದ ಪುಸ್ತಕಗಳಲ್ಲಿ ಲೇಟಿಸ್ ಕ್ಯಾಲ್ಕರಿಫರ್ ಎಂಬುದು ಇದರ ಹೆಸರು.

ಈ ‘ಬಾಸ್’ ಎಂಬ ಪದವೇ ಇಲ್ಲಿನ ಹವ್ಯಾಸಿಗಳನ್ನು ದಾರಿ ತಪ್ಪಿಸಿರುವುದುಂಟು. ಅಮೆರಿಕದವರು ಬಾಸ್ ಎನ್ನುವ ದೊಡ್ಡಬಾಯಿಯ ಮೀನು ಬೇರೆಯೇ ಕುಲದ್ದು, ಸಿಹಿನೀರಿನ ಕೆರೆಗಳದ್ದು. ಅದರ ವಿಶ್ವದಾಖಲೆಯೆಂದರೆ 1932ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ ಸಿಕ್ಕಿದ 22 ಪೌಂಡು 4 ಔನ್ಸಿನ ಮೀನು, ಅಂದರೆ ಸುಮಾರು 10 ಕಿಲೊ. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಅದಕ್ಕೆ ಸರಿಗಟ್ಟುವ ಇನ್ನೊಂದು ಸಿಕ್ಕಿತು. ಅಲ್ಲಿ ದಾಖಲೆಯಾಗುವ ತೂಕ ಕಾಳಾಂಜಿಯ ಲೆಕ್ಕದಲ್ಲಿ ದೊಡ್ಡದೇನೂ ಅಲ್ಲ. ಗಾಳದಲ್ಲಿ ಹಿಡಿದ ಬ್ಯಾರಮಂಡಿಯ ವಿಶ್ವದಾಖಲೆ 44.64 ಕಿಲೊ, 2010ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಮಾಂಡ್ಯುರನ್ ಜಲಾಶಯದಲ್ಲಿ ಸಿಕ್ಕಿದ್ದು.

ಅಮೆರಿಕದ ಬಾಸ್ ವಿಡಿಯೊಗಳನ್ನು ನೋಡಿ ಅದೇ ತೆಳುನೂಲು, ಅದೇ ಸಣ್ಣ ಕೊಕ್ಕೆ ತರಿಸಿಕೊಂಡವರು ಮೊದಲ ದೊಡ್ಡ ಮೀನಿಗೇ ಎಲ್ಲವನ್ನೂ ಕಳಕೊಳ್ಳುತ್ತಾರೆ. ಕೊಕ್ಕೆ ನೆಟ್ಟಗಾಗಿ ಬರುತ್ತದೆ, ಇಲ್ಲವೇ ನೂಲು ಚೂರಿಯಲ್ಲಿ ಕೊಯ್ದಂತೆ ತುಂಡಾಗಿ ಬರುತ್ತದೆ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದುಂಟು. ಕೆರೆಯ ನೀರು ನಿಂತ ನೀರು. ಅಲ್ಲಿ ಬೆಳಗ್ಗೆ, ಸಂಜೆ ಎಂದು ಹೊತ್ತು ನೋಡಿ ಹೋದರೆ ಸಾಕು. ಇಲ್ಲಿಯ ಹೊಳೆಬಾಯಿಯ ನೀರು ದಿನಕ್ಕೆ ನಾಲ್ಕು ಸಲ ಮನಸ್ಸು ಬದಲಿಸುತ್ತದೆ.

ಗಡಿಯಾರವಲ್ಲ, ಪಂಚಾಂಗ

ಕೈಗಾಳದ ಹಿರಿಯರು ರೀಲು, ಲ್ಯೂರ್ ಎಂಬ ಪದ ಕೇಳುವ ಮೊದಲೇ ಅರಿತದ್ದು ಇದನ್ನೇ. ಕಡಲಿನ ನೀರು ಸುಮಾರು ಆರು ಗಂಟೆ ಹೊಳೆಯೊಳಗೆ ಏರುತ್ತದೆ, ಆರು ಗಂಟೆ ಇಳಿಯುತ್ತದೆ. ಇವತ್ತಿನ ಏರುನೀರಿನ ಹೊತ್ತು ನಾಳೆಗೆ ಹೆಚ್ಚುಕಡಿಮೆ 50 ನಿಮಿಷ ತಡವಾಗುತ್ತದೆ. ಹಾಗಾಗಿ ಕಳೆದ ಭಾನುವಾರ ಸಂಜೆ ಆರಕ್ಕೆ ಸಿಕ್ಕಿತೆಂದು ಈ ಭಾನುವಾರವೂ ಆರಕ್ಕೇ ಹೋದವನಿಗೆ ಸಿಗುವುದು ಸೊಳ್ಳೆಕಡಿತ ಮಾತ್ರ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರಿನ ಏರಿಳಿತ ಜೋರು. ಅಷ್ಟಮಿಯ ಹೊತ್ತಿಗೆ ಓಟ ಸಪ್ಪೆ. ಮನೆಯ ಗೋಡೆಯಲ್ಲಿ ತೂಗುವ ಪಂಚಾಂಗದ ಕ್ಯಾಲೆಂಡರ್ ನೋಡಿ ಹೊಳೆಗಿಳಿಯುವವರು ಇರುವುದು ಸುಮ್ಮನೆ ಅಲ್ಲ.

ಕಾಳಾಂಜಿ ಬಾಯಿ ಹಾಕುವುದು ನೀರು ಓಡುತ್ತಿರುವಾಗ. ನೀರು ಓಡಿದರೆ ಸಣ್ಣ ಮೀನು, ಸಿಗಡಿಗಳಿಗೆ ತಮ್ಮ ಇಷ್ಟದಂತೆ ಈಜಲಾಗದು, ಸೆಳೆತಕ್ಕೆ ಸಿಕ್ಕಿ ಕಂಬದ ಪಕ್ಕದಿಂದ, ಬೇರಿನ ಎದುರಿನಿಂದ ಸಾಗಿಹೋಗುತ್ತವೆ. ಮರೆಯಲ್ಲಿ ನಿಂತ ದೊಡ್ಡದಕ್ಕೆ ಕೂತಲ್ಲಿಗೇ ಊಟ. ಇಳಿನೀರಿನ ಮೊದಲ ಒಂದೆರಡು ಗಂಟೆ, ಏರುನೀರು ತಿರುಗುವ ಹೊತ್ತು ಇವೆರಡೂ ಒಳ್ಳೆಯದೆಂಬುದು ಅನುಭವಿಗಳ ಅಂಬೋಣ. ಅದರ ಜತೆಗೆ ಮುಸ್ಸಂಜೆಯೋ ನಸುಕೋ ಕೂಡಿಬಂದರೆ ಇನ್ನೂ ಗಮ್ಮತ್ತು. ಕತ್ತಲಲ್ಲಿ ಟಾರ್ಚಿನ ಬೆಳಕು ಬಿದ್ದರೆ ಈ ಮೀನಿನ ಕಣ್ಣು ಕೆಂಡದಂತೆ ಹೊಳೆಯುತ್ತದೆ. ಮಂದ ಬೆಳಕಿನಲ್ಲಿ ಬೇಟೆಗಿಂತ ಚೆನ್ನಾಗಿ ಕಾಣಬಲ್ಲ ಕಣ್ಣದು.

ಜಾಗದ ವಿಚಾರವೂ ಇದರಿಂದಲೇ ಬರುತ್ತದೆ. ಸಂಕದ ಕಂಬದಲ್ಲಿ ನೀರು ಬಂದು ಬಡಿಯುವ ಬದಿ, ಕಂಬದ ಹಿಂದೆ ಸುಳಿ ತಿರುಗುವ ಬದಿ ಎಂದು ಎರಡುಂಟು. ಮೀನು ಆಯಾಸವಿಲ್ಲದೆ ನಿಲ್ಲುವುದು ನೀರಿನ ಓಟ ಮುರಿಯುವಲ್ಲಿ. ಎರೆಯನ್ನು ಮೇಲಿನಿಂದ ಎಸೆದು ಸೆಳೆತದ ಜತೆಗೇ ಆ ಜಾಗಕ್ಕೆ ಬರುವಂತೆ ಬಿಡಬೇಕು. ಓಟಕ್ಕೆ ಎದುರಾಗಿ ಎಳೆದರೆ ಕಾಳಾಂಜಿಗೆ ಅನುಮಾನ. ಸಣ್ಣ ಮೀನು ಹಾಗೆ ಈಜುವುದನ್ನು ಅದು ಕಂಡಿಲ್ಲ. ಕಾಂಡ್ಲ ಗಿಡಗಳ ಬೇರುಗಳ ಅಂಚು, ಹೊಳೆಯಲ್ಲಿ ಬಿದ್ದ ಹಳೆಯ ಮರ, ಕಗ್ಗಲ್ಲು ಕಟ್ಟಿದ ದಡ, ಪಡನ್ನ ಮತ್ತು ವಲಿಯಪರಂಬ ಕಡೆಗಳಲ್ಲಿ ಕಲ್ಲುಮ್ಮಕಾಯಿ ಬೆಳೆಸಲು ಕಾಯಲಿನಲ್ಲಿ ನೆಟ್ಟ ಬಿದಿರ ಗಳಗಳು, ಇವೆಲ್ಲ ಅದರ ಹೊಂಚಿನ ತಾಣಗಳೇ. ಗಳಗಳ ಸಮೀಪ ಗಾಳ ಬೀಸುವವರು ಒಂದನ್ನು ಮರೆಯಬಾರದು. ಅದು ಇನ್ನೊಬ್ಬರ ಬೆಳೆ. ಕೊಕ್ಕೆ ಸಿಕ್ಕಿಕೊಂಡಿತೆಂದು ಹಗ್ಗ ಕಡಿಯುವುದು ತೆಂಗಿನ ತೋಟಕ್ಕೆ ನುಗ್ಗಿ ಮರ ಕಡಿದಷ್ಟೇ ತಪ್ಪು.

ಇನ್ನೊಂದು ಹೇಳಲೇಬೇಕಾದ ಜಾಗವೆಂದರೆ ತೋಡಿನ ಬಾಯಿ. ಗದ್ದೆ, ಕಾಂಡ್ಲಗಳ ನಡುವಿನಿಂದ ಬರುವ ಸಣ್ಣ ತೋಡುಗಳು ಇಳಿನೀರಿನ ಹೊತ್ತಿಗೆ ತಮ್ಮಲ್ಲಿದ್ದ ಸಿಗಡಿಮರಿ, ಮೀನುಮರಿಗಳನ್ನೆಲ್ಲ ದೊಡ್ಡ ಹೊಳೆಗೆ ಕಕ್ಕುತ್ತವೆ. ಜಿಲ್ಲೆಯ ದಕ್ಷಿಣದಲ್ಲಿ ಉಪ್ಪುನೀರಿನ ಕೈಪಾಡ್ ಗದ್ದೆಗಳಿರುವಲ್ಲಂತೂ ಹೇಳುವುದೇ ಬೇಡ. ಎರಡಾಳು ಅಗಲದ ಅಂಥ ತೋಡಿನ ಬಾಯಲ್ಲಿ ಮೊಣಕಾಲು ಮುಳುಗುವಷ್ಟೇ ನೀರಿರುವಾಗ ಹತ್ತು ಕಿಲೊದ ಮೀನು ನಿಂತಿರಬಹುದೆಂದು ಹೊಸಬರು ನಂಬುವುದಿಲ್ಲ. ಅದರ ಮೇಲಿನಿಂದಲೇ ನಡೆದುಹೋಗಿ ಆಳದ ನೀರಿಗೆ ಬೀಸುತ್ತಾರೆ.

ಮಳೆಗಾಲದ ಮೊದಲ ಕೆಂಪುನೀರು ಬಂದಾಗ ಲೆಕ್ಕ ಬದಲಾಗುತ್ತದೆ. ಆಗ ಹೊಳೆಬಾಯಲ್ಲಿ ಕಡಲಿನ ತಿಳಿನೀರೂ ಹೊಳೆಯ ರಾಡಿಯೂ ಸೇರುವಲ್ಲಿ ಗೆರೆ ಎಳೆದಂತೆ ಎರಡು ಬಣ್ಣ ಕಾಣುತ್ತದೆ. ಆ ಗೆರೆಯ ಆಚೀಚೆ ಹುಡುಕಬೇಕು. ರಾಡಿಯಲ್ಲಿ ಕಾಣದ ಕಾರಣ, ಒಳಗೆ ಗುಂಡು ತುಂಬಿ ಗಿಲಕಿಯಂತೆ ಸದ್ದು ಮಾಡುವ ಲ್ಯೂರ್ ಆಗ ಉಪಯೋಗಕ್ಕೆ ಬರುತ್ತದೆ. ಕಾಳಾಂಜಿ ಪಕ್ಕೆಯ ಗೆರೆಯಿಂದಲೇ ನೀರಿನ ಕಂಪನ ಹಿಡಿಯುವ ಮೀನು.

ಕೋಲು, ನೂಲು, ಕೊಕ್ಕೆ

ಸಲಕರಣೆಯ ಮಾತಿಗೆ ಬಂದರೆ ಅಂಗಡಿಗಳಲ್ಲಿ ಮೂರಂಕಿಯಿಂದ ಐದಂಕಿಯವರೆಗೆ ಬೆಲೆಯ ಸಾಮಾನುಗಳಿವೆ. ಎಲ್ಲಿ ಹಣ ಹಾಕಬೇಕು, ಎಲ್ಲಿ ಉಳಿಸಬಹುದು ಎಂಬುದೇ ಪ್ರಶ್ನೆ.

ಕೋಲು ಏಳರಿಂದ ಎಂಟಡಿ ಉದ್ದದ್ದು, ತುದಿ ಬಾಗಿದರೂ ಬುಡ ಗಟ್ಟಿಯಾಗಿರುವಂಥದ್ದು ಸಾಕು. ರೀಲು 4000 ಅಥವಾ 5000 ಗಾತ್ರದ್ದು ಹೊಂದುತ್ತದೆ. ಇವೆರಡರಲ್ಲಿ ಮಧ್ಯಮ ದರ್ಜೆಯದ್ದಾದರೂ ನಡೆದೀತು. ಆದರೆ ನೂಲು, ಲೀಡರ್, ಕೊಕ್ಕೆ ಈ ಮೂರರಲ್ಲಿ ಜಿಪುಣತನ ತೋರಿದರೆ ಕೆಟ್ಟಂತೆಯೇ. ಹೆಣೆದ ಬ್ರೇಡ್ ನೂಲು 30ರಿಂದ 40 ಪೌಂಡಿನದ್ದು ಇರಲಿ. ಅದರ ತುದಿಗೆ ನಾಲ್ಕೈದು ಅಡಿ ಉದ್ದದ, 50ರಿಂದ 80 ಪೌಂಡಿನ ದಪ್ಪ ನೈಲಾನ್ ಅಥವಾ ಫ್ಲೋರೋಕಾರ್ಬನ್ ಲೀಡರ್ ಕಡ್ಡಾಯ. ಕಾಳಾಂಜಿಗೆ ಚೂಪು ಹಲ್ಲಿಲ್ಲ, ಮತ್ತೆ ಯಾಕೆ ಇಷ್ಟು ದಪ್ಪ ಎಂದು ಕೇಳುವವರುಂಟು. ಹಲ್ಲಿಲ್ಲ ನಿಜ, ಆದರೆ ಬಾಯಿಯ ಅಂಚು ಮರಳುಕಾಗದದಂತೆ ಒರಟು. ಕಿವಿರಿನ ಮುಚ್ಚಳದ ಅಂಚಂತೂ ಬ್ಲೇಡು. ಅದು ತಲೆ ಕೊಡವಿದಾಗ ಬರಿಯ ಬ್ರೇಡ್ ನೂಲು ತಾಗಿದರೆ ಮುಗಿಯಿತು. ಬರಿಗೈಯಲ್ಲಿ ಕಿವಿರಿನೊಳಗೆ ಬೆರಳು ಹಾಕಿದವನ ಗತಿಯೂ ಅದೇ, ಹೊಲಿಗೆ ಹಾಕಿಸಿಕೊಳ್ಳಬೇಕಾದೀತು.

ಲ್ಯೂರ್, ಅಂದರೆ ಮರ, ಪ್ಲಾಸ್ಟಿಕ್ ಅಥವಾ ಮೆತ್ತಗಿನ ರಬ್ಬರಿನ ಕೃತಕ ಮೀನು, ನಾಲ್ಕರಿಂದ ಆರಿಂಚಿನದ್ದು ಧಾರಾಳ. ಇಷ್ಟು ದೊಡ್ಡದನ್ನು ನುಂಗೀತೇ ಎಂಬ ಸಂಶಯ ಬೇಡ. ತನ್ನ ಉದ್ದದ ಅರ್ಧದಷ್ಟಿರುವ ಮೀನನ್ನೂ ಕಾಳಾಂಜಿ ನುಂಗಬಲ್ಲದು. ಮರಿ ಸಾಕುವ ಕೇಂದ್ರಗಳಲ್ಲಿ ಕೆಲವು ದಿನಕ್ಕೊಮ್ಮೆ ದೊಡ್ಡ ಮರಿ, ಸಣ್ಣ ಮರಿಗಳನ್ನು ಬೇರ್ಪಡಿಸುತ್ತಾರೆ. ಇಲ್ಲದಿದ್ದರೆ ಅಣ್ಣಂದಿರು ತಮ್ಮಂದಿರನ್ನೇ ತಿಂದು ಮುಗಿಸುತ್ತಾರೆ! ಬಣ್ಣದ ಬಗ್ಗೆ ಗಾಳದವರ ನಡುವೆ ನಡೆಯುವ ಚರ್ಚೆ ಯಕ್ಷಗಾನದ ತೆಂಕು-ಬಡಗು ಚರ್ಚೆಯಷ್ಟೇ ಉದ್ದ. ತಿಳಿನೀರಿಗೆ ಬೆಳ್ಳಿಬಣ್ಣ, ರಾಡಿಗೆ ಕಪ್ಪು ಅಥವಾ ಗಾಢಬಣ್ಣ ಎಂಬಷ್ಟು ತಿಳಿದುಕೊಂಡರೆ ಉಳಿದದ್ದು ಅಂಗಡಿಯವರಿಗೆ ಲಾಭ.

ಬಣ್ಣಕ್ಕಿಂತ ಮುಖ್ಯ ಎಳೆಯುವ ಕ್ರಮ. ಹೊಸಬರೆಲ್ಲ ಮಾಡುವುದು ಒಂದೇ ತಪ್ಪು, ಅವಸರ. ಎರಡು ಸಲ ಕೋಲಿನ ತುದಿ ಅಲ್ಲಾಡಿಸಿ ಸುಮ್ಮನಿರಬೇಕು. ಮನಸ್ಸಿನಲ್ಲೇ ಮೂರು ಎಣಿಸಬೇಕು. ಮತ್ತೆ ಒಂದು ಅಲ್ಲಾಟ, ಮತ್ತೆ ಸುಮ್ಮನೆ. ಗಾಯಗೊಂಡ ಮೀನು ಒದ್ದಾಡಿ ಸೋತು ನಿಂತಂತೆ ಕಾಣಬೇಕು. ಹೆಚ್ಚಿನ ಸಲ ಏಟು ಬೀಳುವುದು ಆ ಸುಮ್ಮನಿರುವ ಕ್ಷಣದಲ್ಲೇ.

ಲ್ಯೂರ್‌ಗಳ ಜತೆ ಕಾರ್ಖಾನೆಯಿಂದ ಬರುವ ಮೂರುಮೊನೆಯ ಕೊಕ್ಕೆಗಳು ಬಹುತೇಕ ತೆಳುವಾದವು. ಅವನ್ನು ತೆಗೆದು ದಪ್ಪ ತಂತಿಯವನ್ನು ಹಾಕಿಕೊಂಡು, ಮೊನೆಯ ಒಳಮುಳ್ಳನ್ನು ಇಕ್ಕುಳದಲ್ಲಿ ಅದುಮಿ ಚಪ್ಪಟೆ ಮಾಡಿಟ್ಟುಕೊಳ್ಳುವವರು ಜಾಣರು. ನೂಲು ಸಡಿಲ ಬಿಡದಿದ್ದರೆ ಮೀನೇನೂ ತಪ್ಪಿಸಿಕೊಳ್ಳುವುದಿಲ್ಲ. ಕೊಕ್ಕೆ ತಮ್ಮದೇ ಕೈಗೆ ಹೊಕ್ಕರೆ ಮುಳ್ಳಿಲ್ಲದ್ದರ ಬೆಲೆ ಗೊತ್ತಾಗುತ್ತದೆ.

ಇಷ್ಟೆಲ್ಲ ಹೇಳಿದರೂ ಜೀವಂತ ಎರೆಗೆ ಸಾಟಿಯಿಲ್ಲವೆಂದು ವಾದಿಸುವ ಹಳಬರ ಮಾತನ್ನು ತಳ್ಳಿಹಾಕುವಂತಿಲ್ಲ. ಬೀಸುಬಲೆಯಲ್ಲಿ ಹಿಡಿದ ದೊಡ್ಡ ಸಿಗಡಿ, ಇಲ್ಲವೇ ಮಲಯಾಳದಲ್ಲಿ ಮಾಲಾನ್, ತಿರುತ ಎನ್ನುವ ಜಾತಿಯ ಗೇಣುದ್ದದ ಮೀನು. ಸಿಗಡಿಯಾದರೆ ಬಾಲದ ಕಡೆಯಲ್ಲಿ, ಮೀನಾದರೆ ಮೂತಿಗೋ ಬೆನ್ನಿಗೋ ಕೊಕ್ಕೆ ಚುಚ್ಚಿ ಜೀವ ಹೋಗದಂತೆ ಬಿಡುತ್ತಾರೆ. ಕೋಲಿಲ್ಲ, ರೀಲಿಲ್ಲ, ಮರದ ತುಂಡಿಗೋ ಖಾಲಿ ಬಾಟಲಿಗೋ ಸುತ್ತಿದ ದಪ್ಪ ನೈಲಾನ್ ದಾರ. ಬೆರಳ ಮೇಲೆ ದಾರ ಹಾದುಹೋಗುವಂತೆ ಹಿಡಿದು ಕೂತರೆ ಸಾಕು, ಎರೆ ಹೆದರಿ ನಡುಗುವುದೂ ಬೆರಳಿಗೆ ತಿಳಿಯುತ್ತದೆ. ಆ ನಡುಕ ಬಂತೆಂದರೆ ಸಮೀಪದಲ್ಲಿ ಏನೋ ಉಂಟೆಂದು ಲೆಕ್ಕ. ಸಾವಿರಾರು ರೂಪಾಯಿಯ ಕೋಲಿನವನಿಗೆ ಸಿಗದ್ದು ಪಕ್ಕದಲ್ಲಿ ಬಾಟಲಿ ಹಿಡಿದವನಿಗೆ ಸಿಗುವುದು ಹೊಳೆಬದಿಯಲ್ಲಿ ಅಪರೂಪವೇನಲ್ಲ.

ಜೀವಂತ ಎರೆಗೆ ಈಗ ಹಲವರು ಮೊನೆ ಒಳಕ್ಕೆ ತಿರುಗಿದ ವೃತ್ತಾಕಾರದ ಕೊಕ್ಕೆ ಬಳಸುತ್ತಾರೆ. ಇದಕ್ಕೆ ಮೀನು ಎಳೆದ ಕೂಡಲೇ ಜಗ್ಗಬಾರದು; ದಾರ ಬಿಗಿಯಾಗಲು ಬಿಟ್ಟರೆ ತಾನಾಗಿ ಬಾಯಿಯ ಮೂಲೆಗೆ ಕಚ್ಚಿಕೊಳ್ಳುತ್ತದೆ. ಮಾಮೂಲು ಕೊಕ್ಕೆಯನ್ನು ಮೀನು ಹೊಟ್ಟೆಯೊಳಕ್ಕೆ ನುಂಗಿಬಿಡುವುದು ಜಾಸ್ತಿ. ಆಮೇಲೆ ಬಿಟ್ಟರೂ ಬದುಕುವುದಿಲ್ಲ. ಈ ಬಿಡುವ ವಿಚಾರ ಯಾಕೆ ಬಂತೆಂದು ಮುಂದೆ ಹೇಳಬೇಕಾಗಿದೆ.

ಮೊದಲ ಹತ್ತು ಸೆಕೆಂಡು

ದೊಡ್ಡ ಕಾಳಾಂಜಿ ಕೊಕ್ಕೆ ಕಚ್ಚಿದ ಮೇಲೆ ಮಾಡುವ ಕೆಲಸ ಎರಡು. ಮೊದಲು ತಾನು ನಿಂತಿದ್ದ ಕಂಬ, ಬೇರಿನತ್ತಲೇ ಓಡುತ್ತದೆ. ಅಲ್ಲಿ ಸುತ್ತಿಕೊಂಡರೆ ನೂಲು ತುಂಡು. ಆದ್ದರಿಂದ ಮೊದಲ ಹತ್ತು ಸೆಕೆಂಡು ಅದರ ತಲೆ ತಿರುಗಿಸುವುದೇ ಕೆಲಸ, ಕೋಲನ್ನು ಪಕ್ಕಕ್ಕೆ ಬಾಗಿಸಿ ಬಲವಾಗಿ ಹಿಡಿಯಬೇಕು. ರೀಲಿನ ಬಿಗಿಯನ್ನು ನೂಲಿನ ಶಕ್ತಿಯ ಮೂರರಲ್ಲೊಂದು ಪಾಲಿಗೆ ಇಡಬೇಕೆಂಬುದು ಒಂದು ಅಂದಾಜು. 30 ಪೌಂಡಿನ ನೂಲಾದರೆ ನಾಲ್ಕೂವರೆ ಕಿಲೊ. ಇದನ್ನು ಮನೆಯಲ್ಲೇ ಸ್ಪ್ರಿಂಗ್ ತಕ್ಕಡಿಗೆ ಕಟ್ಟಿ ನೋಡಿಕೊಂಡು ಬರಬೇಕೇ ಹೊರತು ಮೀನು ಕಚ್ಚಿದ ಮೇಲೆ ತಿರುಪುವುದಲ್ಲ.

ಎರಡನೆಯದು, ಹಾರುವುದು. ನೀರಿನಿಂದ ಇಡೀ ಮೈ ಮೇಲೆತ್ತಿ, ಕಿವಿರು ಅಗಲಿಸಿ ತಲೆ ಕೊಡವುತ್ತದೆ. ನೋಡಲು ಚೆಂದ, ಆದರೆ ಹೆಚ್ಚಿನ ಮೀನು ತಪ್ಪುವುದು ಆಗಲೇ. ನೂಲು ಮೇಲೇರುತ್ತಿರುವುದು ಕಂಡರೆ ಮೀನು ಹಾರಲಿಕ್ಕೆ ಹೊರಟಿದೆ ಎಂದರ್ಥ. ಆಗ ಕೋಲಿನ ತುದಿಯನ್ನು ನೀರಿನ ಮಟ್ಟಕ್ಕೆ ಇಳಿಸಿ, ನೂಲು ಸಡಿಲವಾಗದಂತೆ ಸುತ್ತುತ್ತಾ ಇರಬೇಕು. ಕೋಲೆತ್ತಿ ಪೋಸು ಕೊಟ್ಟವನ ಕೈಯಲ್ಲಿ ಕೊನೆಗೆ ಉಳಿಯುವುದು ಕೋಲು ಮಾತ್ರ.

ಗಂಡಾಗಿ ಹುಟ್ಟಿ ಹೆಣ್ಣಾಗುವುದು

ಇಷ್ಟು ಸಾಹಸ ಮಾಡಿ ದಡಕ್ಕೆ ತಂದ ದೊಡ್ಡ ಮೀನಿನ ಬಗ್ಗೆ ಗಾಳದವರಲ್ಲೇ ಅನೇಕರಿಗೆ ತಿಳಿಯದ ಸಂಗತಿಯೊಂದಿದೆ. ಕಾಳಾಂಜಿಗಳು ಮೊದಲು ಗಂಡಾಗಿಯೇ ಬಲಿಯುತ್ತವೆ. ಸುಮಾರು ಮೂರು ನಾಲ್ಕು ವರ್ಷಕ್ಕೆ ಗಂಡುಮೀನಾಗಿ ಸಂತಾನಕ್ಕೆ ತಯಾರಾಗುತ್ತವೆ. ಇನ್ನೂ ಕೆಲವು ವರ್ಷ ಬದುಕುಳಿದು, 80ರಿಂದ 100 ಸೆಂಟಿಮೀಟರ್ ಉದ್ದ ಬೆಳೆಯುವ ಹೊತ್ತಿಗೆ ಅದೇ ಮೀನು ಹೆಣ್ಣಾಗಿ ಬದಲಾಗುತ್ತದೆ. ಹಾಗಾಗಿ ಒಂದು ಮೀಟರ್ ಉದ್ದ, ಹನ್ನೆರಡು ಕಿಲೊ ಆಸುಪಾಸಿನ ಮೀನನ್ನು ಎದೆಗಪ್ಪಿ ತೆಗೆದ ಫೋಟೊಗಳಲ್ಲಿರುವುದು ಬಹುತೇಕ ಎಲ್ಲವೂ ಹೆಣ್ಣೇ. ಅದೂ ಎಂತಹ ಹೆಣ್ಣು? ಒಂದು ಋತುವಿನಲ್ಲಿ ಲಕ್ಷ ಲಕ್ಷ ಲೆಕ್ಕದಲ್ಲಿ, ತೀರಾ ದೊಡ್ಡದಾದರೆ ಕೋಟಿ ದಾಟುವಷ್ಟು ಮೊಟ್ಟೆ ಇಡಬಲ್ಲ ತಾಯಿ.

ಮೊಟ್ಟೆಯಿಡಲು ಅದಕ್ಕೆ ಉಪ್ಪುನೀರೇ ಬೇಕು. ಮಳೆಗಾಲದ ಆಸುಪಾಸಿನಲ್ಲಿ ಹೊಳೆಬಾಯಿಯ ಹತ್ತಿರಕ್ಕೆ ಇಳಿದು ಬರುತ್ತದೆ. ಮರಿಗಳು ಏರುನೀರಿನ ಜತೆ ಒಳಗೆ ಬಂದು ಕಾಂಡ್ಲಗಳ ನಡುವೆ, ತೋಡುಗಳಲ್ಲಿ ಬೆಳೆಯುತ್ತವೆ. ಕೆಲವು ಸಿಹಿನೀರಿನವರೆಗೂ ಏರುತ್ತವೆ. ದೊಡ್ಡದಾದ ಮೇಲೆ ಮತ್ತೆ ಕೆಳಕ್ಕೆ. ಆಸ್ಟ್ರೇಲಿಯಾದ ಜಲಾಶಯದಲ್ಲಿ 44 ಕಿಲೊ ತೂಗಿದ ಆ ದಾಖಲೆಯ ಮೀನು ಅಣೆಕಟ್ಟಿನ ಹಿಂದೆ ಬೆಳೆಯಿತೇ ವಿನಾ ಅಲ್ಲಿ ಸಂತಾನ ಬೆಳೆಸುವ ಯೋಗ ಅದಕ್ಕಿರಲಿಲ್ಲ. ಅಂಥ ಜಲಾಶಯಗಳಿಗೆ ಮರಿಗಳನ್ನು ತಂದು ಬಿಡಬೇಕು.

ನಮ್ಮ ಹೊಳೆಗಳ ಲೆಕ್ಕವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಚಿಂತೆಯಾಗುತ್ತದೆ. ಒಂದು ಕಡೆ ಸಣ್ಣ ಕಣ್ಣಿನ ಬಲೆಗಳಲ್ಲಿ ಅಂಗೈ ಅಗಲದ ಮರಿಗಳು ಹೋಗುತ್ತಿವೆ. ಇನ್ನೊಂದು ಕಡೆ ಅದನ್ನೆಲ್ಲ ದಾಟಿ ಆರೇಳು ವರ್ಷ ಬದುಕಿ ಹೆಣ್ಣಾದವು ಗಾಳಕ್ಕೆ ಬೀಳುತ್ತಿವೆ. ಮರಿಗಳ ತೊಟ್ಟಿಲಾದ ಕಾಂಡ್ಲ ಕಾಡು ಹಲವೆಡೆ ಮಣ್ಣು ತುಂಬಿ ಮಾಯವಾಗಿದೆ. ನೆರೆಯ ಕಣ್ಣೂರಿನಲ್ಲಿ ಕಲ್ಲೇನ್ ಪೊಕ್ಕುಡನ್ ಎಂಬವರು ಬದುಕಿಡೀ ಕಾಂಡ್ಲ ನೆಟ್ಟು 2015ರಲ್ಲಿ ತೀರಿಕೊಂಡರು. ಅವರು ನೆಟ್ಟದ್ದರ ಬೇರಿನಡಿಯಲ್ಲಿ ಎಷ್ಟು ಮೀನು ಬೆಳೆದವೆಂದು ಲೆಕ್ಕ ಇಟ್ಟವರಿಲ್ಲ. ಚಂದ್ರಗಿರಿಯ ಮೇಲ್ಭಾಗದಲ್ಲಿ ಬಾವಿಕ್ಕರೆಯ ತಡೆಗಟ್ಟು 2021ರಲ್ಲಿ ಸಿದ್ಧಗೊಂಡ ಮೇಲೆ ಬೇಸಗೆಯಲ್ಲಿ ಉಪ್ಪುನೀರು ಮೇಲೇರುವುದು ತಡೆಯಲ್ಪಟ್ಟಿದೆ. ಬೇಸಗೆ ಬಂತೆಂದರೆ ನಲ್ಲಿಯಲ್ಲಿ ಉಪ್ಪುನೀರು ಕುಡಿಯಬೇಕಾಗಿದ್ದ ಕಾಸರಗೋಡು ಪೇಟೆಯವರಿಗೆ ಅದು ಬೇಕೇ ಬೇಕಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಹೊಳೆಗೆ ಅಡ್ಡ ಕಟ್ಟುವಾಗ ಮೀನಿನ ದಾರಿಯನ್ನೂ ಯೋಚಿಸುವ ಅಭ್ಯಾಸ ಮಾತ್ರ ನಮ್ಮಲ್ಲಿ ಇನ್ನೂ ಬರಬೇಕಷ್ಟೆ.

ಮರಿ ಉತ್ಪಾದನೆಯ ತಂತ್ರವೇನೋ ನಮ್ಮಲ್ಲಿ ಉಂಟು. ಚೆನ್ನೈಯ ಕೇಂದ್ರೀಯ ಹಿನ್ನೀರು ಜಲಕೃಷಿ ಸಂಸ್ಥೆ 1997ರಲ್ಲಿ ಕಾಳಾಂಜಿಯನ್ನು ತೊಟ್ಟಿಯಲ್ಲೇ ಮೊಟ್ಟೆಯಿಡಿಸುವಲ್ಲಿ ಯಶಸ್ವಿಯಾಯಿತು. ಕೇರಳದ ಹಿನ್ನೀರಿನ ಪಂಜರಗಳಲ್ಲಿ ಈಗ ಸಾಕುವುದು ಹೀಗೆ ಹುಟ್ಟಿಸಿದ ಮರಿಗಳನ್ನೇ. ಆದರೆ ಪಂಜರದ ಮೀನು ಊಟದ ತಟ್ಟೆಗೆ ಹೋಗುವುದು ಕಿಲೊ ಎರಡು ಕಿಲೊ ಆಗುವಷ್ಟರಲ್ಲಿ. ಹೊಳೆಯ ಹೆಣ್ಣುಗಳ ಜಾಗವನ್ನು ಅವು ತುಂಬಲಾರವು.

ಯಾವುದನ್ನು ಒಯ್ಯಬೇಕು, ಯಾವುದನ್ನು ಬಿಡಬೇಕು

ಕ್ವೀನ್ಸ್‌ಲ್ಯಾಂಡಿನಲ್ಲಿ ಇದಕ್ಕೊಂದು ನಿಯಮವಿದೆ. ಸಾಮಾನ್ಯವಾಗಿ 58 ಸೆಂಟಿಮೀಟರಿಗಿಂತ ಸಣ್ಣದನ್ನೂ 120ಕ್ಕಿಂತ ದೊಡ್ಡದನ್ನೂ ಹೊಳೆಗೇ ಬಿಡಬೇಕು. ಸಂತಾನದ ತಿಂಗಳುಗಳಲ್ಲಿ ಹಿಡಿಯುವುದೇ ನಿಷಿದ್ಧ. ಕೇರಳದಲ್ಲೂ ಹಲವು ಜಾತಿಯ ಕಡಲಮೀನುಗಳಿಗೆ ಕನಿಷ್ಠ ಗಾತ್ರ ಗೊತ್ತುಮಾಡಲಾಗಿದೆ. ಸಿಡಿಮದ್ದು, ವಿಷ, ವಿದ್ಯುತ್ ಬಳಸಿ ಮೀನು ಹಿಡಿಯುವುದನ್ನು 2010ರ ಒಳನಾಡು ಮೀನುಗಾರಿಕಾ ಕಾಯಿದೆ ನಿಷೇಧಿಸಿದೆ. ಆದರೆ ದೊಡ್ಡ ತಾಯಿಮೀನನ್ನು ಬಿಡಬೇಕೆಂಬ ಯೋಚನೆ ಇಲ್ಲಿ ಕೆಲವು ಹವ್ಯಾಸಿಗಳ ಮನಸ್ಸಿನಲ್ಲಷ್ಟೇ ಉಂಟು.

ಬಲೆಯಿಂದಲೇ ಮನೆ ನಡೆಸುವವರಿಗೆ ಇದನ್ನು ಉಪದೇಶಿಸುವುದು ನ್ಯಾಯವಲ್ಲ. ಹತ್ತು ಕಿಲೊದ ಕಾಳಾಂಜಿ ಎಂದರೆ ಅವರಿಗೆ ಹಲವು ದಿನಗಳ ಸಂಪಾದನೆ. ಆದರೆ ಪೇಟೆಯಿಂದ ಬೈಕಿನಲ್ಲಿ ಬಂದು, ಮೀನಿಗಿಂತ ಹೆಚ್ಚು ಬೆಲೆಯ ಕೋಲು ಹಿಡಿದು ನಿಲ್ಲುವವನ ಲೆಕ್ಕ ಬೇರೆ. ಅವನು ಬಂದದ್ದು ಆ ಮೊದಲ ಹತ್ತು ಸೆಕೆಂಡಿಗೆ, ಅದು ಸಿಕ್ಕಾಯಿತು. ತಿನ್ನಲು ಬೇಕಿದ್ದರೆ ಎರಡು ಮೂರು ಕಿಲೊದ ಮೀನೇ ರುಚಿ. ತೀರಾ ದೊಡ್ಡದರ ಮಾಂಸ ಒರಟೆಂದು ಅಡುಗೆಮನೆಯವರೂ ಹೇಳುತ್ತಾರೆ.

ಬಿಡುವುದಕ್ಕೂ ಕ್ರಮವುಂಟು. ಸುಡುವ ಕಲ್ಲಿನ ಮೇಲೆ ಹಾಕಿ ಒದ್ದಾಡಿಸಿ, ಎಲ್ಲರೂ ಫೋಟೊ ತೆಗೆದಾದ ಮೇಲೆ ನೀರಿಗೆ ಎಸೆದರೆ ಅದು ಬಿಟ್ಟದ್ದಲ್ಲ. ಸಾಧ್ಯವಾದಷ್ಟು ನೀರಿನಲ್ಲೇ ಇರಿಸಿ ಇಕ್ಕುಳದಲ್ಲಿ ಕೊಕ್ಕೆ ತೆಗೆಯಬೇಕು. ಎತ್ತಲೇಬೇಕಿದ್ದರೆ ಕೈ ಒದ್ದೆ ಮಾಡಿಕೊಂಡು, ಒಂದು ಕೈ ಹೊಟ್ಟೆಯಡಿಗೆ ಕೊಟ್ಟು ಅಡ್ಡವಾಗಿ ಹಿಡಿಯಬೇಕು. ಬರೀ ದವಡೆ ಹಿಡಿದು ನೇತುಹಾಕಿದರೆ ಅಷ್ಟು ಭಾರಕ್ಕೆ ಅದರ ಕೊರಳಿನ ಕಟ್ಟೇ ಹರಿಯಬಹುದು. ತೂಗುವುದಕ್ಕಿಂತ ಅಳೆಯುವುದು ಒಳ್ಳೆಯದು. ಕೋಲಿನ ಮೇಲೆ ಒಂದು ಮೀಟರಿಗೆ ಬಣ್ಣದ ಗುರುತು ಹಾಕಿಟ್ಟುಕೊಂಡರೆ ಟೇಪೂ ಬೇಡ.

ಚಂದ್ರಗಿರಿಯಲ್ಲಿ ಗಾಳ ಹಾಕುವವರು ಇನ್ನೊಂದನ್ನು ತಿಳಿದಿರಬೇಕು. ಕೆಲವೊಮ್ಮೆ ಮೀನಿನ ಬದಲು ಕೊಕ್ಕೆಗೆ, ಬಲೆಗೆ ಚಪ್ಪಟೆ ಬೆನ್ನಿನ ಭಾರೀ ಆಮೆ ಬೀಳಬಹುದು. ಅದು ‘ಪಾಲಪ್ಪೂವನ್ ಆಮೆ’, ಮೆತ್ತಗಿನ ಚಿಪ್ಪಿನ ಅತ್ಯಪರೂಪದ ಜಾತಿ. 2023ರಲ್ಲಿ ಕಾಸರಗೋಡು ತನ್ನದೇ ಮರ, ಹೂ, ಹಕ್ಕಿ, ಜೀವಿಗಳನ್ನು ಘೋಷಿಸಿಕೊಂಡಾಗ ಜಿಲ್ಲೆಯ ಜೀವಿಯೆಂಬ ಗೌರವ ಸಿಕ್ಕಿದ್ದು ಇದಕ್ಕೆ. ವನ್ಯಜೀವಿ ಕಾಯಿದೆಯ ಮೊದಲ ಪಟ್ಟಿಯಲ್ಲಿರುವ ಪ್ರಾಣಿಯಾದ್ದರಿಂದ ಮನೆಗೆ ಒಯ್ದರೆ ಜೈಲು. ಕೊರಳುದ್ದ ಮಾಡಿ ಮಿಂಚಿನಂತೆ ಕಚ್ಚುವ ಕಾರಣ ಮುಂಭಾಗಕ್ಕೆ ಕೈ ಹಾಕದೆ, ಅರಣ್ಯ ಇಲಾಖೆಗೆ ತಿಳಿಸುವುದೇ ಸರಿ.

ಉಳಿದದ್ದು ತಮ್ಮದೇ ಜೀವದ ಮಾತು. ಮಳೆಗಾಲದಲ್ಲಿ ಹೊಳೆಬಾಯಿಯ ಮರಳದಿಣ್ಣೆ ಇವತ್ತಿದ್ದಲ್ಲಿ ನಾಳೆ ಇರುವುದಿಲ್ಲ. ಬಂದರಿನ ತಡೆಗೋಡೆಯ ಕಲ್ಲುಗಳು ಪಾಚಿಗಟ್ಟಿ ಜಾರುತ್ತವೆ. ಏಳು ಅಲೆ ಸುಮ್ಮನೆ ಬಂದು ಎಂಟನೆಯದು ಸೊಂಟದವರೆಗೆ ಏರುವುದುಂಟು. ಈಜು ಬಂದರೂ ಒಬ್ಬರೇ ಹೋಗಬಾರದು, ಅಗ್ಗದ್ದಾದರೂ ಒಂದು ಲೈಫ್ ಜಾಕೆಟ್ ಇರಬೇಕು. ವಾಹನ ಓಡಾಡುವ ಸಂಕದ ಮೇಲಿನಿಂದ ಬೀಸುವುದಂತೂ ಬೇಡವೇ ಬೇಡ. ಹಿಂದಕ್ಕೆ ಹೋದ ಕೊಕ್ಕೆ ಬೈಕ್ ಸವಾರನ ಮುಖಕ್ಕೆ ತಾಗಲು ಅರೆಕ್ಷಣ ಸಾಕು. ಸಂಕದ ಬುಡಕ್ಕೆ ಇಳಿಯಲು ಸಾಮಾನ್ಯವಾಗಿ ಎರಡೂ ಬದಿಯಲ್ಲಿ ಕಾಲುದಾರಿ ಇರುತ್ತದೆ. ಕಾಳಾಂಜಿ ನಿಲ್ಲುವುದೂ ಹೇಗಿದ್ದರೂ ಅಲ್ಲೇ ಕೆಳಗೆ, ಕಂಬದ ನೆರಳಲ್ಲಿ.